ಆಟಕ್ಕುಂಟು, ಲೆಕ್ಕಕ್ಕಿಲ್ಲ

ಶಾಲೆಯಲ್ಲಿ ಮಗುವನ್ನು ಗೋಳುಹೊಯ್ದುಕೊಂಡರೆ ಕೇಳಲು ಮೇಷ್ಟ್ರಿದ್ದಾರೆ, ಹೆಡ್‌ಮಿಸ್ ಇದ್ದಾರೆ. ಬೀದಿಯಲ್ಲಿ ಯಾರಿದ್ದಾರೆ? ಬೇಸಿಗೆ ರಜೆಯಲ್ಲಿ ಚುರುಕು ಬುದ್ಧಿಯ ಮಗುವೊಂದು ಅಕ್ಕಪಕ್ಕದ ಮಕ್ಕಳ ಕೈಲಿ ದಿನವೂ ನಲುಗುತ್ತಿದ್ದರೆ ನಾವು ಆ ಮಗುವನ್ನು ತಿದ್ದಲು ಹೊರಡುತ್ತೇವೆ. ಮೊದಲು ತಿದ್ದಬೇಕಾದದ್ದು ಬೀದಿಯನ್ನು.

ಏಪ್ರಿಲ್ ತಿಂಗಳ ಸಂಜೆ ಐದು ಗಂಟೆ. ಬೆಂಗಳೂರಿನ ತಲಘಟ್ಟಪುರದ ಮೆಟ್ರೋ ನಿಲ್ದಾಣದಿಂದ ಒಳಕ್ಕೆ ತಿರುಗಿದರೆ ಸಿಗುವ ಯಾವುದಾದರೂ ಬಡಾವಣೆಯ ಅಡ್ಡರಸ್ತೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎರಡು ಮನೆಗಳ ನಡುವೆ ಖಾಲಿ ಸೈಟು, ಅದರ ಮೂಲೆಯಲ್ಲಿ ಎಂ-ಸ್ಯಾಂಡಿನ ಗುಡ್ಡೆ, ಇಟ್ಟಿಗೆ ಪೇರಿಸಿದ ವಿಕೆಟ್ಟು. ಮಣ್ಣಿನ ಮೇಲೆ ಗೆರೆ ಎಳೆದು, ನಂಬರ್ ಬರೆದು, ಮೇಲೆ ಬ್ಯಾಟು ಮಲಗಿಸಿದ್ದಾರೆ. ಒಬ್ಬೊಬ್ಬರೂ ಒಂದೊಂದು ಗೆರೆ ಮುಟ್ಟಿ ಬ್ಯಾಟಿಂಗ್ ಸರದಿ ಹಿಡಿಯಬೇಕು. ಕನ್ನಡಕದ ಒಂಬತ್ತು ವರ್ಷದ ಹುಡುಗನಿಗೆ ಎರಡನೇ ನಂಬರ್ ಬಂತು. ‘ನೀನು ಲಾಸ್ಟು’ ಎಂದು ದೊಡ್ಡ ಹುಡುಗ ಅವನ ಸರದಿಯನ್ನು ಇನ್ನೊಬ್ಬನಿಗೆ ಕೊಟ್ಟ. ಚೆಂಡು ಮೋರಿಗೆ ಬಿದ್ದಾಗಲೆಲ್ಲ ಇಳಿಯುವವನು ಇವನೇ. ‘ಓವರ್‌ನಲ್ಲಿ ಇನ್ನೂ ಎರಡು ಬಾಲ್ ಇದೆ’ ಎಂದು ಇವನು ಹೇಳಿದ. ಲೆಕ್ಕ ಸರಿಯಾಗಿಯೇ ಇತ್ತು. ‘ಬಂದ ನೋಡ್ರೋ ಕುಡುಮಿ!’, ‘ಏಯ್ ಸೈಂಟಿಸ್ಟ್, ಮೋರಿ ಎಷ್ಟು ಅಡಿ ಇದೆ ಹೇಳೋ!’ ಎಲ್ಲರೂ ನಕ್ಕರು. ಕತ್ತಲಾದರೂ ಇವನ ಬ್ಯಾಟಿಂಗ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಮೂರನೆಯ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿದ. ಹುಡುಗಿಯರ ಗುಂಪಿನಲ್ಲಾದರೆ ಇದೇ ಕೆಲಸ ಸದ್ದಿಲ್ಲದೆ ನಡೆಯುತ್ತದೆ: ಎಲ್ಲರೂ ಸೇರಿ ‘ಟೂ’ ಬಿಡುತ್ತಾರೆ, ಕುಂಟೆಬಿಲ್ಲೆಗೆ ಕರೆಯುವುದಿಲ್ಲ, ಅವಳು ಬಂದ ಕೂಡಲೇ ಮಾತು ನಿಲ್ಲಿಸುತ್ತಾರೆ.

ಇಂಥದ್ದು ಊರೂರಲ್ಲೂ ನಡೆಯುತ್ತದೆ ನಿಜ. ಆದರೆ ತಲಘಟ್ಟಪುರದಂಥ ಜಾಗದಲ್ಲಿ ಅದಕ್ಕೊಂದು ವಿಶೇಷವಾದ ಕಷ್ಟವಿದೆ. ಉತ್ತರಹಳ್ಳಿ ಹೋಬಳಿಯ ಈ ಹಳ್ಳಿ ಕನಕಪುರ ರಸ್ತೆಯ ಜೊತೆಗೇ ನಗರವಾಗುತ್ತಾ ಬಂದಿದೆ. 2021ರ ಜನವರಿಯಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿದ ಮೇಲೆ ಮೆಟ್ರೋ ಅದರ ಬಾಗಿಲಿಗೇ ಬಂತು. ಹಳೇ ಊರಿನ ಮನೆಗಳು, ರೆವೆನ್ಯೂ ಬಡಾವಣೆಗಳು, ಎತ್ತರದ ಅಪಾರ್ಟ್‌ಮೆಂಟುಗಳು, ಕಟ್ಟಡ ಕೆಲಸದವರ ಶೆಡ್ಡುಗಳು ಒಂದೇ ಕಿಲೋಮೀಟರಿನೊಳಗೆ ಇವೆ. ಒಂದೇ ಬೀದಿಯ ಹತ್ತು ಮಕ್ಕಳು ಬೇರೆ ಬೇರೆ ಶಾಲೆಗೆ, ಬೇರೆ ಬೇರೆ ಬಣ್ಣದ ಬಸ್ಸಿನಲ್ಲಿ ಹೋಗುತ್ತಾರೆ. ಹಳ್ಳಿಯಲ್ಲಾದರೆ ಹುಡುಗನೊಬ್ಬ ಅತಿಮಾಡಿದರೆ ಜಗಲಿಯ ಮೇಲೆ ಕೂತ ಅಜ್ಜಿಯೊಬ್ಬರು ‘ಲೋ, ನಿಮ್ಮಪ್ಪನಿಗೆ ಹೇಳ್ತೀನಿ ಇರು’ ಎಂದು ಗದರುತ್ತಿದ್ದರು. ಅಪ್ಪ ಯಾರೆಂದು ಅವರಿಗೆ ಗೊತ್ತಿರುತ್ತಿತ್ತು. ಈಗ ಎದುರುಮನೆಯವರ ಹೆಸರೇ ಗೊತ್ತಿಲ್ಲ. ಶಾಲೆಯ ಹಿಡಿತ ಗೇಟಿನವರೆಗೆ, ಹೆತ್ತವರ ಕಣ್ಣು ಬಾಗಿಲಿನವರೆಗೆ. ನಡುವಿನ ಆ ಸಣ್ಣ ಜಾಗಕ್ಕೆ ಯಾರೂ ಹೊಣೆಗಾರರಿಲ್ಲ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಮಗುವಿನ ಪಾಲಿಗೆ ಆ ಸಣ್ಣ ಜಾಗವೇ ಇಡೀ ಪ್ರಪಂಚ.

ಬುದ್ಧಿವಂತ ಮಗುವೇ ಏಕೆ ಕಣ್ಣಿಗೆ ಬೀಳುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಅಸಾಧಾರಣ ಪ್ರತಿಭೆಯ ಮಗು ಎಲ್ಲ ದಿಕ್ಕಿನಲ್ಲೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಒಂಬತ್ತರ ಹುಡುಗಿ ಹದಿನಾಲ್ಕರವರು ಓದುವ ಪುಸ್ತಕ ಓದಬಹುದು, ಕಪ್ಪುಕುಳಿಗಳ ಬಗ್ಗೆ ಪ್ರಶ್ನೆ ಕೇಳಬಹುದು. ಆದರೆ ಆಟದಲ್ಲಿ ಸೋತಾಗ ಅಳು ಬರುವುದು ಒಂಬತ್ತು ವರ್ಷಕ್ಕೆ ತಕ್ಕ ಹಾಗೆಯೇ, ಕೆಲವೊಮ್ಮೆ ಏಳು ವರ್ಷಕ್ಕೆ ತಕ್ಕ ಹಾಗೆ. ಕೈಕಾಲಿನ ಚುರುಕು ಸಾಮಾನ್ಯ, ಮಾತು ಮಾತ್ರ ದೊಡ್ಡವರದು. ಓರಗೆಯವರಿಗೆ ಅವಳ ಮಾತು ಅರ್ಥವಾಗುವುದಿಲ್ಲ, ದೊಡ್ಡ ಮಕ್ಕಳು ಅವಳ ಅಳು ಸಹಿಸುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ತೀರಾ ಹೆಚ್ಚಿನ ಬುದ್ಧಿಮತ್ತೆಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಬರೆದ ಪುಸ್ತಕ, ಆಕೆ ತೀರಿಕೊಂಡ ಮೇಲೆ 1942ರಲ್ಲಿ ಹೊರಬಂತು. ಸರಾಸರಿಗಿಂತ ಸ್ವಲ್ಪ ಮೇಲಿರುವ ಮಕ್ಕಳು ಗುಂಪಿನ ನಾಯಕರಾಗುತ್ತಾರೆ, ಅಂತರ ಬಹಳ ಹೆಚ್ಚಾದವರು ಒಂಟಿಯಾಗುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಒಂಟಿತನಕ್ಕೆ ಕಾರಣ ಆ ಮಕ್ಕಳ ಸ್ವಭಾವದ ಊನ ಎಂದು ಆಕೆ ನೋಡಲಿಲ್ಲ. ಸಮನಾದ ಜೊತೆ ಸಿಕ್ಕಿದಾಗ ಅವರೇ ಕಲೆತು ಆಡುವುದನ್ನು ಕಂಡರು. ನನ್ನ ವಾದದ ಬೇರು ಇಲ್ಲಿದೆ. ಜೊತೆ ಬದಲಾದರೆ ಮಗುವಿನ ಪಾಡೂ ಬದಲಾಗುವುದಾದರೆ, ಕೆಡುಕು ಇರುವುದು ಮಗುವಿನೊಳಗಲ್ಲ.

ಇನ್ನೊಂದು ಅಧ್ಯಯನ ಹತ್ತಿರದ ಕಾಲದ್ದು. ಜೀನ್ ಪೀಟರ್ಸನ್ ಮತ್ತು ಕ್ಯಾರನ್ ರೇ 2006ರಲ್ಲಿ ಪ್ರಕಟಿಸಿದ್ದು. ಅಮೆರಿಕದ 11 ರಾಜ್ಯಗಳ, ಪ್ರತಿಭಾವಂತರೆಂದು ಗುರುತಿಸಲಾದ 432 ಎಂಟನೇ ತರಗತಿ ಮಕ್ಕಳನ್ನು ಕೇಳಿದ್ದರು. ಎಂಟನೇ ತರಗತಿ ಮುಗಿಯುವುದರೊಳಗೆ ಒಮ್ಮೆಯಾದರೂ ಪೀಡನೆಗೆ ಒಳಗಾದವರು ಶೇ 67. ಹೆಚ್ಚು ಕಾಟ ಆರನೇ ತರಗತಿಯಲ್ಲಿ, ಮತ್ತು ಹೆಚ್ಚಿನದು ಹೆಸರಿಟ್ಟು ಕರೆಯುವುದು. ಉಳಿದ ಮಕ್ಕಳಿಗಿಂತ ಪ್ರತಿಭಾವಂತರಿಗೇ ಕಾಟ ಹೆಚ್ಚು ಎಂದು ಈ ಅಂಕಿ ಸಾಬೀತು ಮಾಡುವುದಿಲ್ಲ, ಏಕೆಂದರೆ ಉಳಿದವರನ್ನು ಅಲ್ಲಿ ಕೇಳಿಯೇ ಇಲ್ಲ. ಆದರೆ ಅದರಲ್ಲಿ ಕಣ್ಣಿಗೆ ಕಟ್ಟುವುದು ಮಕ್ಕಳ ಮೌನ. ತಾವು ಬುದ್ಧಿವಂತರು, ಆದ್ದರಿಂದ ಇದನ್ನೂ ತಾವೇ ಬಗೆಹರಿಸಿಕೊಳ್ಳಬೇಕು ಎಂದುಕೊಂಡು ಎಷ್ಟೋ ಮಕ್ಕಳು ದೊಡ್ಡವರಿಗೆ ಹೇಳಿರಲಿಲ್ಲ. ಲೆಕ್ಕದಲ್ಲಿ ಜಾಣನಾದ ಮಗು ಮನುಷ್ಯರ ಮಧ್ಯೆಯೂ ಜಾಣನಾಗಿರಬೇಕು ಎಂದು ನಾವು ನಂಬಿದ್ದೇವೆ. ಅದನ್ನು ಮಗುವೂ ನಂಬಿಬಿಟ್ಟಿದೆ. ಹೊಟ್ಟೆನೋವು, ತಲೆನೋವು, ‘ಇವತ್ತು ಆಚೆ ಹೋಗಲ್ಲ’ ಎನ್ನುವ ಹಟ, ಕಾರಣವಿಲ್ಲದೆ ತಮ್ಮ ತಂಗಿಯರ ಮೇಲೆ ರೇಗಾಟ, ಗೊತ್ತಿದ್ದ ಉತ್ತರವನ್ನೂ ಹೇಳದೆ ಸುಮ್ಮನಿರುವುದು: ಬಾಯಿ ಹೇಳದ್ದು ಹೀಗೆ ಹೊರಗೆ ಬರುತ್ತದೆ.

ಬಾಕ್ಸ್: ಕೀಟಲೆಯೋ, ಪೀಡನೆಯೋ?
ಈ ವಿಷಯದ ಅಧ್ಯಯನಕ್ಕೆ ಅಡಿಪಾಯ ಹಾಕಿದವರು ನಾರ್ವೆಯ ಡಾನ್ ಓಲ್ವೇಯಸ್. ಅವರು ಹೇಳಿದ ಗುರುತು ಮೂರು: ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ನಡೆಯುವುದು, ಬಲದಲ್ಲಿ ಏರುಪೇರು. ಸಮಬಲದ ಇಬ್ಬರು ಕಿತ್ತಾಡಿ ಸಂಜೆಗೆ ಒಂದಾದರೆ ಅದು ಜಗಳ. ಒಬ್ಬನೇ ದಿನವೂ ಮೋರಿಗೆ ಇಳಿಯಬೇಕಾದರೆ ಅದು ಪೀಡನೆ. 1982ರಲ್ಲಿ ನಾರ್ವೆಯಲ್ಲಿ ಪೀಡನೆಗೆ ಒಳಗಾಗಿದ್ದ ಮೂವರು ಹುಡುಗರು ಜೀವ ಕಳೆದುಕೊಂಡ ಮೇಲೆ, 1983ರಲ್ಲಿ ಅಲ್ಲಿ ದೇಶವ್ಯಾಪಿ ಅಭಿಯಾನ ಶುರುವಾಯಿತು. ಬರ್ಗೆನ್ ನಗರದ 42 ಶಾಲೆಗಳಲ್ಲಿ ಓಲ್ವೇಯಸ್ ನಡೆಸಿದ ಪ್ರಯತ್ನದಲ್ಲಿ ಪೀಡನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಮಗು ಹೇಗೋ ಬಾಯಿಬಿಟ್ಟಿತು ಎನ್ನಿ. ನಮ್ಮ ಮನೆಗಳಲ್ಲಿ ಸಿಗುವ ಉತ್ತರಗಳು ಗೊತ್ತಿರುವವೇ. ‘ಕಿವಿಗೆ ಹಾಕ್ಕೋಬೇಡ’ ಎನ್ನುತ್ತಾರೆ. ಚುರುಕು ಕಿವಿಯ ಮಗುವಿಗೆ ಅದು ಆಗದ ಕೆಲಸ, ಆಗದಿದ್ದಾಗ ತಾನೇ ಸೋತೆ ಎಂಬ ಭಾವ ಬೇರೆ. ‘ನೀನೂ ಎರಡು ಬಾರಿಸು’ ಎನ್ನುತ್ತಾರೆ. ಬಲದಲ್ಲಿ ಕಡಿಮೆ ಇರುವುದರಿಂದಲೇ ಅವನು ಸಿಕ್ಕಿಬಿದ್ದಿರುವಾಗ ಈ ಬುದ್ಧಿಮಾತು ಅವನನ್ನು ಇನ್ನೊಂದು ಏಟಿಗೆ ಕಳಿಸುತ್ತದೆ. ‘ಅವರ ಸಹವಾಸವೇ ಬೇಡ, ಒಳಗೆ ಕೂತು ಓದು’ ಎನ್ನುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ. ತಪ್ಪು ಮಾಡಿದವರಿಗೆ ಮೈದಾನ, ನೊಂದವನಿಗೆ ಮನೆಬಂಧನ ಎಂದು ಅದರ ಅರ್ಥ. ಇನ್ನೂ ಒಂದು ಮಾತಿದೆ, ಮೆಲ್ಲಗೆ ಹೇಳುವಂಥದ್ದು: ‘ಗೊತ್ತಿದ್ರೂ ಗೊತ್ತಿಲ್ಲದವನ ಹಾಗೆ ಇರು.’ ಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಬೀದಿಯಲ್ಲಿ ಶುರುವಾದ ನಟನೆ ತರಗತಿಗೂ ಬರುತ್ತದೆ, ಆಮೇಲೆ ಪರೀಕ್ಷೆಗೂ. ಸೇರಿಸಿಕೊಳ್ಳಲಿ ಎಂದು ತನ್ನ ಬೆಳಕನ್ನು ತಾನೇ ತಗ್ಗಿಸಿಕೊಂಡ ಮಗು ಅದನ್ನು ಮತ್ತೆ ಏರಿಸಿಕೊಳ್ಳುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ನಾಲ್ಕೂ ಉತ್ತರಗಳಲ್ಲಿ ಒಂದೇ ದೋಷ: ಬದಲಾಗಬೇಕಾದವನು ಏಟು ತಿಂದವನು ಎಂಬ ಎಣಿಕೆ.

ಹಾಗಿದ್ದರೆ ಬೀದಿಯನ್ನು ಬದಲಾಯಿಸುವುದು ಎಲ್ಲಿಂದ? ಪೀಡಿಸುವವನಿಂದ ಶುರುಮಾಡಬೇಕು ಎಂದು ಮೊದಲು ತೋಚುತ್ತದೆ. ಅಧ್ಯಯನಗಳು ಬೇರೆ ಕಡೆ ಬೆರಳು ತೋರಿಸುತ್ತವೆ. ಫಿನ್ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ 1990ರ ದಶಕದಿಂದ ಹೇಳುತ್ತ ಬಂದದ್ದು ಇದು: ಪೀಡನೆ ಇಬ್ಬರ ನಡುವಿನ ವ್ಯವಹಾರವಲ್ಲ, ಗುಂಪಿನ ವ್ಯವಹಾರ. ಒಬ್ಬ ಕೈಮಾಡುತ್ತಾನೆ, ಇಬ್ಬರು ಜೊತೆ ನಿಲ್ಲುತ್ತಾರೆ, ನಾಲ್ವರು ನಗುತ್ತಾರೆ, ಉಳಿದವರು ನೋಡುತ್ತಾರೆ. ಆ ನಗುವೇ ದೊಡ್ಡ ಹುಡುಗನ ಸಂಬಳ. ಕೆನಡಾದಲ್ಲಿ ಡೆಬ್ರಾ ಪೆಪ್ಲರ್, ವೆಂಡಿ ಕ್ರೇಗ್ ಮತ್ತು ಸಂಗಡಿಗರು ಶಾಲೆಯ ಆಟದ ಬಯಲಿನಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳಿಗೆ ಸಣ್ಣ ಮೈಕು ತೊಡಿಸಿ ಚಿತ್ರೀಕರಿಸಿದರು. 2001ರಲ್ಲಿ ಪ್ರಕಟವಾದ ಅದರ ಫಲಿತಾಂಶ: ಶೇ 88 ಘಟನೆಗಳಲ್ಲಿ ಬೇರೆ ಮಕ್ಕಳು ಅಲ್ಲಿಯೇ ಇದ್ದರು, ಯಾರಾದರೂ ಮಧ್ಯೆ ಬಂದದ್ದು ಶೇ 19ರಲ್ಲಿ ಮಾತ್ರ. ಆದರೆ ಹಾಗೆ ಮಧ್ಯೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇ 57ರಷ್ಟು, ಹತ್ತು ಸೆಕೆಂಡಿನೊಳಗೆ ಪೀಡನೆ ನಿಂತಿತ್ತು. ಹತ್ತು ಸೆಕೆಂಡು. ‘ಅವನ ಟರ್ನು ಕಣೋ, ಕೊಡೋ ಬ್ಯಾಟು’ ಎಂದು ಗುಂಪಿನಲ್ಲೊಬ್ಬ ಹೇಳಲು ಅದಕ್ಕಿಂತ ಕಡಿಮೆ ಹೊತ್ತು ಸಾಕು. ಪ್ರತಿಭಾವಂತ ಮಗುವಿಗೆ ಬೀದಿಯಲ್ಲಿ ಹತ್ತು ಗೆಳೆಯರು ಬೇಕಿಲ್ಲ, ಆ ಮಾತು ಹೇಳುವ ಒಬ್ಬ ಬೇಕು. ಆ ಒಬ್ಬನನ್ನು ಹುಡುಕುವುದು, ಮನೆಗೆ ಕರೆಯುವುದು, ಮಂಡಕ್ಕಿ ಕೊಟ್ಟು ಕೇರಂ ಬೋರ್ಡು ಹಾಕುವುದು ತಂದೆತಾಯಿ ಕೈಯಲ್ಲಿ ಆಗುವ ಕೆಲಸ. ಚೆನ್ನಾಗಿ ಆಡುವ, ಎಲ್ಲರಿಗೂ ಬೇಕಾದ ಹುಡುಗನೇ ಆ ಒಬ್ಬನಾದರೆ ಇನ್ನೂ ಒಳ್ಳೆಯದು, ಅವನ ಮಾತಿಗೆ ಬೀದಿಯಲ್ಲಿ ಬೆಲೆಯಿದೆ.

ಮಕ್ಕಳ ಗುಂಪಿನ ಆಚೆ ದೊಡ್ಡವರದೊಂದು ಗುಂಪಿದೆ. ನನ್ನ ದೂರು ಹೆಚ್ಚಾಗಿ ಅದರ ಮೇಲೆ. ಮೇ ತಿಂಗಳ ಆಸುಪಾಸಿನಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಅದರ ಹಿಂದೆಯೇ ಫ್ಲೆಕ್ಸು, ಟ್ಯೂಷನ್ ಕೇಂದ್ರಗಳ ಜಾಹೀರಾತು. ಆ ದಿನಗಳಲ್ಲಿ ಬಾಲ್ಕನಿಯಿಂದ, ತರಕಾರಿ ಗಾಡಿಯ ಪಕ್ಕದಿಂದ, ಊಟದ ತಟ್ಟೆಯ ಮುಂದೆ ಕೇಳಿಬರುವ ಮಾತು: ‘ಎದುರುಮನೆ ಹುಡುಗನ್ನ ನೋಡು, ನೀನೂ ಇದೀಯ. ಅವನ ಕಾಲು ತೊಳೆದು ನೀರು ಕುಡಿ.’ ಹನ್ನೆರಡು ವರ್ಷದ ಹುಡುಗನಿಗೆ ಈ ಮಾತು ಅನ್ನದ ಜೊತೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೇಳಿದ ಅಪ್ಪನ ಮೇಲೆ ಕೈ ಎತ್ತುವಂತಿಲ್ಲ, ಅಮ್ಮನಿಗೆ ಎದುರು ಹೇಳುವಂತಿಲ್ಲ. ಸಂಜೆ ಐದಕ್ಕೆ ಖಾಲಿ ಸೈಟಿನಲ್ಲಿ ಎದುರುಮನೆ ಹುಡುಗ ಸಿಗುತ್ತಾನೆ. ತನ್ನ ಮನೆಯಲ್ಲಿ ತಿಂದ ಅವಮಾನವನ್ನು ದೊಡ್ಡ ಹುಡುಗ ಅಲ್ಲಿ ತೀರಿಸಿಕೊಳ್ಳುತ್ತಾನೆ. ಪೀಡನೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಜಾಣ ಮಗುವಿನ ಮೇಲೆ ನಡೆಯುವ ಪೀಡನೆಗೆ ಹೋಲಿಕೆಯಷ್ಟು ಒಳ್ಳೆಯ ಗೊಬ್ಬರ ಇನ್ನೊಂದಿಲ್ಲ. ಜಾಣ ಮಗುವಿನ ಹೆತ್ತವರೂ ಇದರಲ್ಲಿ ಪಾಲುದಾರರೇ. ಬಂದವರ ಮುಂದೆಲ್ಲ ‘ಅಂಕಲ್‌ಗೆ ಮೂವತ್ತೇಳರ ಮಗ್ಗಿ ಹೇಳು ಪುಟ್ಟ’ ಎನ್ನುವುದು, ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಪ್ರತಿ ಸರ್ಟಿಫಿಕೇಟಿನ ಫೋಟೋ ಹಾಕುವುದು ಮಗುವಿನ ಬೆನ್ನಿಗೆ ಗುರಿ ಬರೆದ ಹಾಗೆ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ನಮಗೆಲ್ಲ ಹೆಮ್ಮೆ. ಅವರ ಬಾಲ್ಯ ಶಾಲೆಯ ಅಂಗಳದಲ್ಲಿ ಕಳೆಯಲಿಲ್ಲ, ಪ್ರದರ್ಶನಗಳಲ್ಲಿ ಕಳೆಯಿತು ಎಂಬುದನ್ನೂ ಆ ಹೆಮ್ಮೆಯ ಜೊತೆಗೇ ನೆನೆಯಬೇಕು.

ಇದಕ್ಕೆ ಎದುರು ಮಾತುಗಳಿವೆ, ಹಗುರವಾದವೇನಲ್ಲ. ‘ನಾವೂ ಹೀಗೆಯೇ ಬೆಳೆದವರು, ರೇಗಿಸಿಕೊಂಡೇ ಗಟ್ಟಿಯಾದೆವು’ ಎನ್ನುವವರಿದ್ದಾರೆ. ಗಟ್ಟಿಯಾದವರು ಮಾತಾಡುತ್ತಾರೆ, ಮುರಿದವರು ಹೇಳಿಕೊಳ್ಳುವುದಿಲ್ಲ; ಹಾಗಾಗಿ ಈ ಸಾಕ್ಷಿ ಯಾವಾಗಲೂ ಒಂದೇ ಕಡೆಯಿಂದ ಬರುತ್ತದೆ. ರೇಗಿಸುವುದನ್ನು ತಡೆದುಕೊಳ್ಳುವ ಶಕ್ತಿ ಮಗುವಿಗೆ ಬೇಕು, ಒಪ್ಪುತ್ತೇನೆ. ಆದರೆ ಒಬ್ಬನಾದರೂ ಜೊತೆಗಿದ್ದಾಗ ಆ ಶಕ್ತಿ ಬರುತ್ತದೆ, ಒಂಟಿಯಾಗಿ ಹೊಡೆಸಿಕೊಂಡಾಗ ಅಲ್ಲ. ಎರಡನೆಯ ಮಾತು: ‘ಈಗ ಎಲ್ಲರ ಮಗುವೂ ಜೀನಿಯಸ್ಸೇ.’ ಹೌದು, ಹೆತ್ತವರ ಅಭಿಮಾನ ಅಳತೆಗೋಲಲ್ಲ. ಆದರೆ ಪ್ರತಿಭೆ ಎಷ್ಟು ದೊಡ್ಡದು ಎಂದು ತೀರ್ಮಾನವಾಗುವವರೆಗೆ ಕಾಯಬೇಕಿಲ್ಲ. ಪೀಡನೆಗೆ ನೆಪವಾಗಲು ಮಗು ಉಳಿದವರಿಗಿಂತ ಬೇರೆಯಾಗಿ ಕಂಡರೆ ಸಾಕು. ತೊದಲುವ ಮಗುವಿಗೆ, ಸ್ಥೂಲಕಾಯದ ಮಗುವಿಗೆ, ಬೇರೆ ಭಾಷೆಯ ಮಗುವಿಗೆ ಸಿಗಬೇಕಾದ ರಕ್ಷಣೆಯೇ ಇವನಿಗೂ ಸಿಗಬೇಕಾದದ್ದು. ಮೂರನೆಯದು ಹೆಚ್ಚು ತೂಕದ್ದು: ‘ಅವನಿಗೂ ಕೊಬ್ಬು ಕಮ್ಮಿ ಇಲ್ಲ, ಎಲ್ಲರ ತಪ್ಪೂ ಎತ್ತಿ ತೋರಿಸ್ತಾನೆ.’ ಇದು ಎಷ್ಟೋ ಸಲ ನಿಜ. ಪೀಟರ್ಸನ್ ಮತ್ತು ರೇ ಅಧ್ಯಯನದಲ್ಲಿ ತಾವೇ ಬೇರೆಯವರನ್ನು ಪೀಡಿಸಿದ್ದಾಗಿ ಒಪ್ಪಿಕೊಂಡ ಮಕ್ಕಳು ಶೇ 28. ಬುದ್ಧಿ ಇದ್ದಲ್ಲಿ ಒಳ್ಳೆಯತನವೂ ತಾನಾಗಿ ಇರುತ್ತದೆ ಎಂದೇನಿಲ್ಲ. ಸರಿಯುತ್ತರ ಗೊತ್ತಿದ್ದರೂ ಯಾವಾಗ ಹೇಳಬೇಕು, ಸೋತವನ ಮುಂದೆ ಹೇಗೆ ಗೆಲ್ಲಬೇಕು ಎಂಬುದನ್ನು ಅವನಿಗೂ ಕಲಿಸಬೇಕು. ಜ್ಞಾನವನ್ನು ಮುಚ್ಚಿಡು ಎಂದು ಕಲಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಇದು ಎಲ್ಲ ಮಕ್ಕಳಿಗೂ ಬೇಕಾದ ನಡತೆ. ಮತ್ತು ಕೊಬ್ಬಿಗೆ ಮದ್ದು ಮೋರಿಗೆ ಇಳಿಸುವುದಂತೂ ಅಲ್ಲ.

‘ದೊಡ್ಡವರು ನಡುವೆ ಹೋದರೆ ಕಾಟ ಜಾಸ್ತಿಯಾಗುತ್ತದೆ’ ಎನ್ನುವುದು ಮಕ್ಕಳದೇ ವಾದ, ಅದನ್ನು ಗೌರವದಿಂದ ಕೇಳಬೇಕು. ಅಪ್ಪ ಖಾಲಿ ಸೈಟಿಗೆ ನುಗ್ಗಿ ದೊಡ್ಡ ಹುಡುಗನ ಕಿವಿ ಹಿಂಡಿದರೆ ಮರುದಿನದಿಂದ ಮಗನಿಗೆ ‘ಚಾಡಿಕೋರ’ ಎಂಬ ಹೊಸ ಹೆಸರು ಸಿಗುತ್ತದೆ. ಆದ್ದರಿಂದ ಹೋಗುವ ಬಗೆ ಮುಖ್ಯ. ಮೊದಲು ಮಗುವಿನ ಮಾತನ್ನು ಪೂರ್ತಿ ಕೇಳಿ, ಅದನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಬೇಕು. ಆಮೇಲೆ ಆ ಹುಡುಗನ ಮನೆಗೆ, ಇಬ್ಬರೂ ಮಕ್ಕಳಿಲ್ಲದ ಹೊತ್ತಿನಲ್ಲಿ, ಹೋಗಿ ಕೂತು ಮಾತಾಡಬೇಕು. ‘ನಿಮ್ಮ ಮಗ ರೌಡಿ’ ಎಂದು ಶುರುಮಾಡಿದರೆ ಬಾಗಿಲು ಅಲ್ಲೇ ಮುಚ್ಚುತ್ತದೆ. ‘ಅಕ್ಕಾ, ನಮ್ಮ ಹುಡುಗ ವಾರದಿಂದ ಆಟಕ್ಕೆ ಬರ್ತಿಲ್ಲ. ಅವನಿಗೆ ಬ್ಯಾಟಿಂಗ್ ಕೊಡ್ತಿಲ್ಲವಂತೆ, ಚೆಂಡು ತರೋಕೆ ಮೋರಿಗೆ ಇಳಿಸ್ತಾರಂತೆ. ನೀವೊಂದು ಮಾತು ಹೇಳಿದ್ರೆ ನಿಮ್ಮವನು ಕೇಳ್ತಾನೆ’ ಎಂದು ನಡೆದದ್ದನ್ನಷ್ಟೇ ಹೇಳಿದರೆ ಹೆಚ್ಚಿನ ತಾಯಂದಿರು ಕೇಳಿಸಿಕೊಳ್ಳುತ್ತಾರೆ.

ಬಾಕ್ಸ್: ಕಾನೂನು ಎಲ್ಲಿಯವರೆಗೆ?
ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮ ಕಾಲೇಜುಗಳಿಗೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಇವೆರಡೂ ಬೀದಿಗೆ ಬರುವುದಿಲ್ಲ. ಬಾಲನ್ಯಾಯ ಮಾದರಿ ನಿಯಮಗಳ (2016) ಪ್ರಕಾರ, ಘೋರ ಅಪರಾಧ ಅಥವಾ ವಯಸ್ಕರ ಜೊತೆ ಸೇರಿ ಎಸಗಿದ ಅಪರಾಧದ ಹೊರತು ಮಕ್ಕಳ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ಲೈಂಗಿಕ ಸ್ವರೂಪದ ಕಿರುಕುಳವಾದರೆ ಮಾತು ಬೇರೆ: ಪೋಕ್ಸೋ ಕಾಯ್ದೆಯಡಿ (2012) ಅದನ್ನು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098. ಮಗು ಊಟ ನಿದ್ದೆ ಬಿಟ್ಟರೆ, ಸಾಯುವ ಮಾತಾಡಿದರೆ ಟೆಲಿ-ಮಾನಸ್ 14416. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೂ ಇದೆ.

ಬೀದಿ ಸರಿಹೋಗುವವರೆಗೆ ಮಗುವಿಗೆ ಇನ್ನೊಂದು ಜೊತೆ ಬೇಕು, ಹಾಲಿಂಗ್‌ವರ್ತ್ ಹೇಳಿದ ಸಮನಾದ ಜೊತೆ. ಈ ವಿಷಯದಲ್ಲಿ ತಲಘಟ್ಟಪುರಕ್ಕೆ ಅದೃಷ್ಟವಿದೆ. ಅದೇ ಹಸಿರು ಮಾರ್ಗದಲ್ಲಿ, ರೈಲು ಬದಲಿಸದೆ, ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋಗಬಹುದು. ಗೌರಿಬಿದನೂರು ಬಳಿಯ ಹೊಸೂರಿನ ಬಡಹುಡುಗನೊಬ್ಬ 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ. ಮುಂದೆ ಎಚ್. ನರಸಿಂಹಯ್ಯನವರೆಂದು ಹೆಸರಾದ ಅವರು 1962ರಲ್ಲಿ ಆ ಕಾಲೇಜಿನಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆ, ಯಾರು ಬೇಕಾದರೂ ಬಂದು ಕೂತು ಪ್ರಶ್ನೆ ಕೇಳಬಹುದಾದ ಜಾಗ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವಿಧಾನಸೌಧದ ಬಳಿ ಇಳಿದರೆ ನೆಹರೂ ತಾರಾಲಯ ದೂರವಿಲ್ಲ. ಅಲ್ಲಿ ಶಾಲಾ ಮಕ್ಕಳಿಗೆ ವಾರಾಂತ್ಯದ ವಿಜ್ಞಾನ ತರಗತಿಗಳು ನಡೆಯುತ್ತವೆ. ಐಐಎಸ್‌ಸಿ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 2010ರ ಹೊತ್ತಿನಿಂದ ಪ್ರತಿಭಾವಂತ ಮಕ್ಕಳ ಶಿಕ್ಷಣದ ಮೇಲೆ ಕೆಲಸ ಮಾಡಿದೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಇಂಥ ಮಕ್ಕಳಿಗೆ ಶಾಲೆಯಲ್ಲಿ ಸಂಘ, ಕೂಟಗಳು ಬೇಕೆನ್ನುತ್ತದೆ. ತನ್ನ ಪ್ರಶ್ನೆಗೆ ನಗದೆ, ‘ಹೌದಲ್ವಾ, ಅದು ಯಾಕೆ?’ ಎಂದು ಮರುಪ್ರಶ್ನೆ ಹಾಕುವ ಇನ್ನೊಂದು ಮಗು ಸಿಕ್ಕ ದಿನ, ತನ್ನಲ್ಲೇ ಏನೋ ಐಬಿದೆ ಎಂಬ ಅನುಮಾನ ಕರಗಲು ಶುರುವಾಗುತ್ತದೆ. ಆದರೆ ಇದು ಬೀದಿಗೆ ಬದಲಿಯಲ್ಲ. ವಾರಕ್ಕೊಮ್ಮೆ ಬಸವನಗುಡಿಯಲ್ಲಿ ಮನುಷ್ಯನಾಗಿದ್ದು, ಉಳಿದ ಆರು ದಿನ ಸ್ವಂತ ಬೀದಿಯಲ್ಲಿ ತಲೆತಗ್ಗಿಸಿ ನಡೆಯುವುದು ಯಾವ ಮಗುವಿನ ಪಾಲಿಗೂ ಬರಬಾರದು. ಅದೂ ಅಲ್ಲದೆ ಕರೆದುಕೊಂಡು ಹೋಗಲು ಶನಿವಾರ ಬಿಡುವಿರುವ ಹೆತ್ತವರು ಎಲ್ಲರಿಗೂ ಇಲ್ಲ. ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಮಗಳು, ಶೆಡ್ಡಿನಲ್ಲಿರುವ ಗಾರೆ ಕೆಲಸದವರ ಮಗ ಇದೇ ಬುದ್ಧಿಯವರಾಗಿದ್ದರೆ ಅವರಿಗಿರುವುದು ಬೀದಿಯೊಂದೇ. ಅಲ್ಲಿ ಅವರ ಮೇಲೆ ನಡೆಯುವ ಗೇಲಿಗೆ ಜಾತಿ, ಭಾಷೆ, ಚಪ್ಪಲಿಯ ಬೆಲೆ ಎಲ್ಲವೂ ಸೇರಿಕೊಳ್ಳುತ್ತದೆ, ದೂರು ಹೇಳಲು ಅಪಾರ್ಟ್‌ಮೆಂಟಿನ ಗೇಟು ದಾಟುವುದೇ ಕಷ್ಟ. ಬೀದಿಯನ್ನೇ ತಿದ್ದಬೇಕು ಎಂದು ಒತ್ತಿ ಹೇಳುವುದಕ್ಕೆ ನನಗಿರುವ ದೊಡ್ಡ ಕಾರಣ ಈ ಮಕ್ಕಳು.

ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಚಂದಾ ಎತ್ತಿ ಪೆಂಡಾಲು ಹಾಕುವಷ್ಟು ಸಂಘಟನೆ ಪ್ರತಿ ಬಡಾವಣೆಯಲ್ಲೂ ಇದೆ. ಅದೇ ಸಂಘದವರು ಈ ರಜೆಯಲ್ಲಿ ಒಂದು ಪಟ್ಟಿ ಮಾಡಲಿ: ಸಂಜೆ ಐದರಿಂದ ಏಳರವರೆಗೆ ಆಟದ ಜಾಗದ ಬಳಿ ಇಬ್ಬರು ದೊಡ್ಡವರು, ಸರದಿಯ ಮೇಲೆ. ಅವರು ಅಂಪೈರಾಗುವುದು ಬೇಡ, ಪಾಠ ಹೇಳುವುದು ಬೇಡ. ಕುರ್ಚಿ ಹಾಕಿಕೊಂಡು ಕೂತಿದ್ದರೆ ಆಯಿತು. ಮಕ್ಕಳ ಹೆಸರು ತಿಳಿದುಕೊಳ್ಳಲಿ, ಶೆಡ್ಡಿನ ಮಕ್ಕಳ ಹೆಸರನ್ನೂ. ಬ್ಯಾಟಿನ ಕೆಳಗೆ ಬಂದ ನಂಬರಿನಂತೆಯೇ ಸರದಿ ನಡೆಯಬೇಕು, ಚೆಂಡು ಹೊಡೆದವನೇ ಹೋಗಿ ತರಬೇಕು ಎಂಬ ಎರಡು ನಿಯಮಗಳನ್ನು ಮೊದಲ ದಿನ ಮಕ್ಕಳ ಬಾಯಿಂದಲೇ ಹೇಳಿಸಲಿ.